ಮೊದಲು ಅಂಚೆ ಡಬ್ಬಿ ಮೇಲೆ ನಿನ್ನ ಹೆಸರು ಅಂಟಿಸು

ಪ್ರಶ್ನೆ: ಅಕ್ಕಾ, ನಾನು ಸಿಂಧನೂರಿನವಳು, ವಯಸ್ಸು 23. ಎಂ.ಎಸ್. ಮಾಡಲು ಸೆಪ್ಟೆಂಬರ್ ಕೊನೆಗೆ ಜರ್ಮನಿಯ ಕೆಮ್ನಿಟ್ಸ್‌ಗೆ ಹೊರಟಿದ್ದೇನೆ. ನನ್ನ ಗೆಳತಿ ಗಂಗಾವತಿಯವಳು. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೆವು. ಅವಳು ಅಲ್ಲಿಗೆ ಹೋಗಿ ಒಂದು ವರ್ಷ ಆಯಿತು, ಎರಡು ರೂಮಿನ ಬಾಡಿಗೆ ಮನೆ ಹಿಡಿದಿದ್ದಾಳೆ. "ನೀ ಸುಮ್ನೆ ಬಾ, ಅರ್ಧ ಬಾಡಿಗೆ ಕೊಡು, ಉಳಿದದ್ದು ನಾ ನೋಡ್ಕೋತೀನಿ" ಅಂತಾಳೆ. ಇಬ್ಬರೂ ಒಂದೇ ಕಡೆ ಇರ್ತಾರೆ ಅಂತ ನಮ್ಮವ್ವನಿಗೆ ಭಾರಿ ಸಮಾಧಾನ. ನನಗೆ ಮಾತ್ರ ಒಳಗೊಳಗೇ ಅಳುಕು. ನನಗೆ ಭಾಷೆ ಅಷ್ಟಕ್ಕಷ್ಟೇ. ಅವಳು ಕೋಳಿ, ಮೀನು ತಿನ್ನುತ್ತಾಳೆ, ನಾನು ಮೊಟ್ಟೆಯನ್ನೂ ಮುಟ್ಟಲ್ಲ. ಅಲ್ಲಿ ದಿನದ ಬದುಕಿಗೆ ಹೊಂದಿಕೊಳ್ಳೋದು ಹೇಗೆ? ಗೆಳೆತನ ಕೆಡದ ಹಾಗೆ ಇರೋದು ಹೇಗೆ?

ಉತ್ತರ: ಅಕ್ಕಾ ಅಂದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ನಾನೂ ಹೀಗೇ ಹೋದವಳು. ಕೊಪ್ಪಳದ ಗೆಳತಿಯೊಬ್ಬಳು ಮೊದಲೇ ಅಲ್ಲಿದ್ದಳು. ಒಂದು ವರ್ಷ ತಡವಾಗಿ ನಾನು ಎರಡು ಸೂಟ್‌ಕೇಸ್ ಎಳೆದುಕೊಂಡು ಅವಳ ಮನೆ ಸೇರಿದೆ. ಐದು ವರ್ಷ ಅದೇ ಸೀಮೆಯಲ್ಲಿದ್ದು ಬಂದೆ. ಈಗ ಬಳ್ಳಾರಿಯಲ್ಲಿ, ಹೊರಡುವ ಮಕ್ಕಳಿಗೆ ಜರ್ಮನ್ ಪಾಠ ಹೇಳುತ್ತೇನೆ, ಕಾಗದಪತ್ರ ನೋಡಿಕೊಡುತ್ತೇನೆ. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ವೀಸಾದ್ದೇ ಜಾಸ್ತಿ. ವೀಸಾ ಸಿಕ್ಕಿ, ವಿಮಾನ ಇಳಿದು, ಮೂರನೇ ವಾರದ ಮಂಗಳವಾರ ಬೆಳಿಗ್ಗೆ ಹೇಗಿರುತ್ತದೆ ಅಂತ ಯಾರೂ ಕೇಳಲ್ಲ. ನೀನು ಕೇಳಿದ್ದೀಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಸ್ಟೆಲಿನ ನಾಲ್ಕು ವರ್ಷದ ಮೇಲೆ ಜಾಸ್ತಿ ಭಾರ ಹಾಕಬೇಡ. ಅಲ್ಲಿ ನೀವಿಬ್ಬರೂ ಒಂದು ರೂಮಿನಲ್ಲಿ ಮಲಗಿದ್ದಿರಿ, ಮನೆ ನಡೆಸಿರಲಿಲ್ಲ. ಊಟ ಮೆಸ್ಸಿನದು, ನೀರು ಟ್ಯಾಂಕಿನದು, ಬೈಗುಳ ವಾರ್ಡನ್‌ಗೆ. ಸಾರು ನೀರಾಗಿದ್ದರೆ ಇಬ್ಬರೂ ಸೇರಿ ಮೆಸ್ಸಿನವನನ್ನು ಬೈಯುತ್ತಿದ್ದಿರಿ. ಹಾಸ್ಟೆಲ್ ಗೆಳೆತನ ಅರ್ಧ ಗಟ್ಟಿಯಾಗುವುದೇ ಹಾಗೆ ಮೂರನೆಯವರನ್ನು ಬೈದು. ಅಲ್ಲಿ ಸಾರು ನೀರಾದರೆ ಮಾಡಿದವಳು ನಿಮ್ಮಿಬ್ಬರಲ್ಲೇ ಒಬ್ಬಳು. ಬೈಯಲು ಮೂರನೆಯವರು ಇಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಜಗಳ ಆಡದವರು ನಾಲ್ಕು ತಿಂಗಳಲ್ಲಿ ಮಾತು ಬಿಡುವುದು ಇದೇ ಕಾರಣಕ್ಕೆ. ಯಾರೂ ಕೆಟ್ಟವರಾಗಿರಲ್ಲ.

ಈಗ ಕಾಗದದಿಂದ ಶುರು ಮಾಡೋಣ. ಬೇಜಾರಿನ ವಿಷಯ, ಆದರೆ ನಿನ್ನ ಅಳುಕಿನ ಅರ್ಧ ಇಲ್ಲೇ ಇದೆ.

"ನೀ ಸುಮ್ನೆ ಬಾ" ಅನ್ನುವುದು ಗಂಗಾವತಿಯಲ್ಲಿ ನಡೆಯುತ್ತದೆ, ಕೆಮ್ನಿಟ್ಸ್‌ನಲ್ಲಿ ನಡೆಯಲ್ಲ. ಮನೆ ಬಾಡಿಗೆಗೆ ಹಿಡಿದವರು ಇನ್ನೊಬ್ಬರನ್ನು ಒಳಬಾಡಿಗೆಗೆ ಇಟ್ಟುಕೊಳ್ಳಬೇಕು ಅಂದರೆ ಮನೆ ಮಾಲೀಕರ ಅನುಮತಿ ಬೇಕು. ಕೇಳದೆ ಇಟ್ಟುಕೊಂಡರೆ ಅವಳ ಮನೆಗೇ ಸಂಚಕಾರ. ಹಾಗಾಗಿ ನೀನು ಟಿಕೆಟ್ ಮಾಡಿಸುವ ಮೊದಲು ಅವಳು ಮಾಲೀಕರಿಗೆ ಒಂದು ಮೇಲ್ ಹಾಕಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಲಿ. ಅವಳು ವಿದ್ಯಾರ್ಥಿಗಳ ವಸತಿಗೃಹದಲ್ಲೇನಾದರೂ ಇದ್ದರೆ ಈ ಯೋಚನೆಯನ್ನೇ ಬಿಡು, ಅಲ್ಲಿ ರೂಮು ಕೊಟ್ಟಿರುವುದು ಅವಳೊಬ್ಬಳಿಗೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದು ಕಾನೂನು. ಅವರು ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಈ ಪದವನ್ನು ಈಗಲೇ ಬಾಯಿಪಾಠ ಮಾಡಿಕೋ, ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಕೇಳುತ್ತೀಯ. ನೋಂದಣಿಗೆ ಹೋಗುವಾಗ ಪಾಸ್‌ಪೋರ್ಟಿನ ಜೊತೆ, "ಇವರು ಈ ಮನೆಯಲ್ಲಿ ಇದ್ದಾರೆ" ಅಂತ ಮನೆ ಕೊಟ್ಟವರು ಸಹಿ ಹಾಕಿದ ಕಾಗದ ಬೇಕು. ಆ ಕಾಗದ ಇಲ್ಲ ಅಂದರೆ ನೋಂದಣಿ ಇಲ್ಲ. ನೋಂದಣಿ ಇಲ್ಲ ಅಂದರೆ ತೆರಿಗೆ ನಂಬರ್ ಬರಲ್ಲ, ವೀಸಾ ಮುಗಿಯುವ ಮೊದಲು ಮಾಡಿಸಬೇಕಾದ ವಾಸದ ಪರವಾನಗಿಯೂ ನಿಂತುಹೋಗುತ್ತದೆ. ಕಚೇರಿಯಲ್ಲಿ ಸಮಯ ಸಿಗುವುದು ಕೆಲವೊಮ್ಮೆ ತಡ. ನೀನು ಇನ್ನೂ ಸಿಂಧನೂರಿನಲ್ಲಿರುವಾಗಲೇ ಅವಳು ಆನ್‌ಲೈನ್‌ನಲ್ಲಿ ನಿನ್ನ ಹೆಸರಲ್ಲಿ ದಿನ ಹಿಡಿದಿಟ್ಟರೆ ಒಳ್ಳೆಯದು.

ಇನ್ನು ಅಂಚೆ ಡಬ್ಬಿ. ಇದನ್ನು ಯಾರೂ ಹೇಳಲ್ಲ. ಅಲ್ಲಿನ ಕಟ್ಟಡಗಳಲ್ಲಿ ಮನೆಗೆ ನಂಬರ್ ಇರುವುದು ಅಪರೂಪ. ಬೀದಿ, ಕಟ್ಟಡದ ನಂಬರ್, ಹೆಸರು, ಅಷ್ಟೇ. ಅಂಚೆಯವರು ಕೆಳಗಿನ ಡಬ್ಬಿಗಳ ಮೇಲೆ ಹೆಸರು ಹುಡುಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. "ಅವರ ಮನೆಗೆ ಹೊಸ ಹುಡುಗಿ ಬಂದಾಳ, ಅಕಿದಿರಬೇಕು" ಅಂತ ತಾನೇ ಊಹಿಸಿ ಕೊಟ್ಟುಹೋಗಲು ಅವರು ನಮ್ಮೂರ ಪೋಸ್ಟ್‌ಮನ್ ಅಲ್ಲ. ನಾನು ಹದಿನೆಂಟು ದಿನ ಬ್ಯಾಂಕ್ ಕಾರ್ಡಿಗೆ ಕಾದೆ. ದಿನಾ ಸಂಜೆ ಡಬ್ಬಿ ತೆಗೆದು ನೋಡುವುದು, ಪಿಜ್ಜಾ ಅಂಗಡಿಯ ಜಾಹೀರಾತು ತೆಗೆದುಕೊಂಡು ಮೇಲೆ ಹತ್ತುವುದು. ಕೊನೆಗೆ ಬ್ಯಾಂಕಿಗೆ ಹೋಗಿ ಕೇಳಿದರೆ, ಕಾರ್ಡೂ ಪಿನ್ನೂ ಬೇರೆ ಬೇರೆ ಲಕೋಟೆಯಲ್ಲಿ ಬಂದು, ಎರಡೂ ಬೇರೆ ಬೇರೆ ದಿನ ವಾಪಸ್ ಹೋಗಿದ್ದವು. ಅವತ್ತೇ ಗಾಯಕ್ಕೆ ಹಾಕುವ ಬಿಳಿ ಟೇಪನ್ನು ಕತ್ತರಿಸಿ, ಪೆನ್ನಿನಲ್ಲಿ ನನ್ನ ಹೆಸರು ಬರೆದು ಗೆಳತಿಯ ಹೆಸರಿನ ಕೆಳಗೆ ಅಂಟಿಸಿದೆ. ಕರೆಗಂಟೆಯ ಪಕ್ಕ ಇನ್ನೊಂದು. ಹೇಳಿದರೆ ನಗಬೇಡ, ಆ ಟೇಪ್ ಅಂಟಿಸಿದ ಸಂಜೆ ನಾನು ಮೊದಲ ಸಲ ಆ ಮನೆಯಲ್ಲಿ ಕಾಲು ಚಾಚಿ ಕೂತೆ. ಅಲ್ಲಿಯವರೆಗೆ ನೆಂಟರ ಮನೆಗೆ ಬಂದವಳ ಹಾಗೆ ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದೆ.

ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಬೇಕಾ ಅಂತ ಕೆಲವರು ಕೇಳುತ್ತಾರೆ. ಹಾಕಿಸಿದರೆ ಇಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಅವಳು ಕೊಡದಿದ್ದರೆ ಮಾಲೀಕರು ನಿನ್ನ ಹತ್ತಿರ ಪೂರ್ತಿ ಕೇಳಬಹುದು. ಬಿಡುವಾಗಲೂ ಒಬ್ಬರೇ ನೋಟಿಸ್ ಕೊಟ್ಟು ಹೊರಬರಲು ಆಗಲ್ಲ, ಇಬ್ಬರೂ ಸೇರಿ ಕೊಡಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ನೀನು ಅವಳ ಒಳಬಾಡಿಗೆದಾರಳಾಗಿರು. ಒಂದು ಪುಟದ ಕರಾರು ಸಾಕು: ಯಾವ ರೂಮು, ಎಷ್ಟು ಬಾಡಿಗೆ, ಬಿಡುವ ಮೊದಲು ಎಷ್ಟು ದಿನ ಹೇಳಬೇಕು. "ನಮ್ಮಿಬ್ಬರ ನಡುವೆ ಎಂಥ ಕರಾರು?" ಅಂತ ಅವಳಿಗೆ ಬೇಜಾರಾಗಬಹುದು. ನೋಂದಣಿ ಕಚೇರಿ ಕೇಳಬಹುದು ಅಂತ ಅಕ್ಕ ಹೇಳಿದಳು ಅನ್ನು. ತಪ್ಪು ನನ್ನ ಮೇಲೆ ಹಾಕು, ಪರವಾಗಿಲ್ಲ.

ದುಡ್ಡಿನ ಮಾತು. "ಅರ್ಧ ಬಾಡಿಗೆ" ಅಂದರೆ ಯಾವುದರ ಅರ್ಧ ಅಂತ ಕೇಳಿದ್ದೀಯಾ? ಅಲ್ಲಿ ಬಾಡಿಗೆ ಎರಡು ಥರ. ಬರೀ ಮನೆಯದ್ದು "ತಣ್ಣನೆ ಬಾಡಿಗೆ", ಅದರ ಮೇಲೆ ಮನೆ ಬೆಚ್ಚಗಿಡುವ ಖರ್ಚು, ನೀರು, ಕಸ, ಮೆಟ್ಟಿಲು ಗುಡಿಸುವುದು ಎಲ್ಲ ಸೇರಿದರೆ "ಬೆಚ್ಚನೆ ಬಾಡಿಗೆ". ಕರೆಂಟು, ಇಂಟರ್‌ನೆಟ್ ಸಾಮಾನ್ಯವಾಗಿ ಇದರ ಹೊರಗೆ. ಅಷ್ಟೇ ಅಲ್ಲ, ಈ ಮೇಲಿನ ಖರ್ಚುಗಳಿಗೆ ವರ್ಷಕ್ಕೊಮ್ಮೆ ಲೆಕ್ಕದ ಕಾಗದ ಬರುತ್ತದೆ. ಚಳಿಗಾಲದಲ್ಲಿ ಹೀಟರ್ ಜಾಸ್ತಿ ಉರಿಸಿದ್ದರೆ ಮೇಲೆ ಕಟ್ಟಬೇಕು, ಕಡಿಮೆ ಆಗಿದ್ದರೆ ವಾಪಸ್ ಬರುತ್ತದೆ. ಆ ಕಾಗದ ಬರುವುದು ಎಷ್ಟೋ ತಿಂಗಳ ಮೇಲೆ. ಅಷ್ಟೊತ್ತಿಗೆ ಒಬ್ಬಳು ಮನೆ ಬಿಟ್ಟಿದ್ದರೆ, ಆ ದುಡ್ಡು ಯಾರದು? ಇದನ್ನು ಮೊದಲೇ ಮಾತಾಡಿಕೊಳ್ಳಿ. ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದರಲ್ಲಿ ನಿನ್ನ ಪಾಲು ಕೊಟ್ಟರೆ ಒಂದು ಚೀಟಿ ಬರೆಸಿಕೋ.

ಇನ್ನೊಂದು ಪತ್ರ ಬರುತ್ತದೆ, ಟಿ.ವಿ., ರೇಡಿಯೋ ಶುಲ್ಕದ್ದು. ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿ.ವಿ. ಇಲ್ಲ ಅಂದರೂ ಕಟ್ಟಬೇಕು. ಆದರೆ ಅದು ತಲೆಗೆ ಇಷ್ಟು ಅಂತಲ್ಲ, ಮನೆಗೆ ಇಷ್ಟು. ಗೆಳತಿ ಈಗಾಗಲೇ ಕಟ್ಟುತ್ತಿದ್ದರೆ, ಅವಳ ಶುಲ್ಕದ ನಂಬರ್ ಕೊಟ್ಟು ಉತ್ತರ ಬರಿ, ನಿನಗೆ ಬೇರೆ ಕಟ್ಟುವುದು ಬೇಡ. ಅರ್ಧ ಅವಳಿಗೆ ಕೊಡು. ಪತ್ರವನ್ನು ಡ್ರಾಯರಿನಲ್ಲಿ ಹಾಕಿ ಮರೆತವರಿಗೆ ದಂಡ ಸೇರಿ ಬಂದದ್ದನ್ನು ನೋಡಿದ್ದೇನೆ.

ವೀಸಾಕ್ಕೆ ಅಂತ ಮೊದಲೇ ದುಡ್ಡು ತುಂಬಿಟ್ಟ ನಿನ್ನ ಬ್ಲಾಕ್ಡ್ ಖಾತೆಯ 11,904 ಯೂರೋ ಒಮ್ಮೆಲೇ ಕೈಗೆ ಬರಲ್ಲ, ತಿಂಗಳಿಗೆ 992 ಯೂರೋ ಅಂತ ಬಿಡುತ್ತಾರೆ. ಹಾಗಾಗಿ ಮೊದಲ ಎರಡು ವಾರ ಅವಳೇ ಎಲ್ಲದಕ್ಕೂ ದುಡ್ಡು ಹಾಕುತ್ತಾಳೆ. ಅಲ್ಲೇ ಲೆಕ್ಕ ತಪ್ಪುವುದು. ಫೋನಿನಲ್ಲಿ ಆ್ಯಪ್ ಇಟ್ಟುಕೊಳ್ಳುವವರಿದ್ದಾರೆ. ನಾವು ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೆವು. ಗೆಳತಿಯ ಅಪ್ಪನದು ಅಡತಿ ಅಂಗಡಿ, ಅವಳು ಅದಕ್ಕೆ ಕಿರ್ದಿ ಅಂತಲೇ ಹೆಸರಿಟ್ಟಿದ್ದಳು. ಅಕ್ಕಿ, ಎಣ್ಣೆ, ಈರುಳ್ಳಿ ಹಂಚಿಕೆಯದ್ದು. ಶಾಂಪೂ, ಚಾಕೊಲೇಟ್ ಅವರವರದ್ದು. ತಿಂಗಳ ಕೊನೆಗೆ ಕೂಡಿ, ಕಳೆದು, ಮುಗಿಸುವುದು. "ಇರ್ಲಿ ಬಿಡು, ಏನ್ ಮಹಾ" ಅನ್ನುವ ಮಾತು ಆ ಪುಸ್ತಕದ ಹತ್ತಿರ ಬರುವ ಹಾಗಿಲ್ಲ ಅಂತ ನಿಯಮ. ಇರ್ಲಿ ಬಿಡು ಅಂದವರು ಮರೆಯಲ್ಲ, ಅದು ನನಗೆ ಗೊತ್ತು. ಯಾಕೆಂದರೆ ಇರ್ಲಿ ಬಿಡು ಅಂದವಳು ನಾನೇ.

ಮನೆಯೊಳಗಿನ ಕೆಲವು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಬಚ್ಚಲಲ್ಲಿ ಶವರ್ ಬಿಟ್ಟರೆ ನೆಲದಲ್ಲಿ ನೀರು ಹೋಗುವ ತೂತು ಹೆಚ್ಚಿನ ಮನೆಗಳಲ್ಲಿ ಇರಲ್ಲ. ನಮ್ಮಲ್ಲಿಯ ಹಾಗೆ ಬಕೆಟ್ಟಿಗಟ್ಟಲೆ ನೀರು ಹೊಯ್ದು ತೊಳೆದರೆ ಕೆಳಗಿನ ಮನೆಯ ಸೂರಿನಲ್ಲಿ ಮಳೆ. ಇಂಥದ್ದಕ್ಕೇ ಅಂತ ಹೊಣೆಗಾರಿಕೆ ವಿಮೆ ಇದೆ, ತಿಂಗಳಿಗೆ ಕೆಲವೇ ಯೂರೋ, ಮಾಡಿಸಿಕೋ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡಿ, ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆದು ಮುಚ್ಚಬೇಕು. ಏಪ್ರಿಲ್ ಮಧ್ಯಾಹ್ನ ಬಿಸಿಗಾಳಿಗೆ ಹೆದರಿ ಕಿಟಕಿ ಮುಚ್ಚಿ ಬೆಳೆದವರು ನಾವು. ಕೊರೆಯುವ ಚಳಿಯಲ್ಲಿ ತೆರೆ ಅಂದರೆ ಕೈಯೇ ಬರಲ್ಲ. ಭಾನುವಾರ ಅಂಗಡಿ ಬಂದ್. ಬೇಕರಿ ಒಂದಷ್ಟು ಹೊತ್ತು, ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕ್, ಇಷ್ಟೇ ಗತಿ. ಶನಿವಾರ ಸಂಜೆ ಹಾಲು ಇದೆಯಾ ನೋಡು. ಕಸಕ್ಕೆ ಬೇರೆ ಬೇರೆ ಬಣ್ಣದ ಡಬ್ಬಿ, ಹೆಚ್ಚಿನ ಕಡೆ ಹಳದಿಗೆ ಪ್ಯಾಕಿಂಗ್, ನೀಲಿಗೆ ಕಾಗದ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್. ಜ್ವರದ ಮಾತ್ರೆ ಕಿರಾಣಿ ಅಂಗಡಿಯಲ್ಲಿ ಸಿಗಲ್ಲ, ಪ್ಯಾರಾಸಿಟಮಾಲ್‌ಗೂ ಔಷಧಿ ಅಂಗಡಿಗೇ ಹೋಗಬೇಕು. ಆಂಬುಲೆನ್ಸಿಗೆ 112. ರಾತ್ರಿ ಅಥವಾ ರಜೆಯಲ್ಲಿ ಡಾಕ್ಟರ್ ಬೇಕು, ಆದರೆ ಅಷ್ಟು ತುರ್ತಲ್ಲ ಅಂದರೆ 116117. ಎರಡನ್ನೂ ಫೋನಿನಲ್ಲಿ ಹಾಕಿಟ್ಟುಕೋ.

ಅಡುಗೆಮನೆಗೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಅಲ್ಲಿನ ಒಲೆಯಲ್ಲಿ ಹೆಚ್ಚಿನ ಕಡೆ ಬೆಂಕಿಯೇ ಇಲ್ಲ, ಕಪ್ಪು ಗಾಜು. ಅದು ಇಂಡಕ್ಷನ್ ಆಗಿದ್ದರೆ ನೀನು ಒಯ್ಯುವ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗಲ್ಲ, ಗೆಳತಿಯನ್ನು ಕೇಳಿಯೇ ಪಾತ್ರೆ ಕಟ್ಟು. ಕಬ್ಬಿಣದ ಹಂಚು ಇಂಡಕ್ಷನ್ ಆದರೂ ಅಲ್ಲದಿದ್ದರೂ ನಡೆಯುತ್ತದೆ, ತಳ ಮಾತ್ರ ಚಪ್ಪಟೆ ಇರಬೇಕು. ರೊಟ್ಟಿಯನ್ನು ಕೆಂಡಕ್ಕೆ ಒಡ್ಡಿ ಉಬ್ಬಿಸುವ ಹಾಗಿಲ್ಲ, ಹಂಚಿನ ಮೇಲೇ ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸಬೇಕು. ಒಗ್ಗರಣೆಗೆ ಹಸಿಮೆಣಸಿನಕಾಯಿ ಹಾಕುವಾಗ ಕಿಟಕಿ ತೆರೆದಿರು. ಸೂರಿನಲ್ಲಿ ಬಿಳಿ ಬಿಲ್ಲೆಯ ಹಾಗೆ ಹೊಗೆ ಅಲಾರಂ ಇರುತ್ತದೆ, ಅದು ಕೂಗಿದರೆ ಕಟ್ಟಡದ ಜನರೆಲ್ಲ ಕತ್ತು ಹೊರಹಾಕುತ್ತಾರೆ. ನಾವು ಮಂಡಾಳು (ಮಂಡಕ್ಕಿ) ವಗ್ಗರಣಿ ಮಾಡಿದ ಮೊದಲ ದಿನ ಗೆಳತಿ ಕುರ್ಚಿ ಮೇಲೆ ನಿಂತು ಟವೆಲ್ ಬೀಸುತ್ತಿದ್ದಳು, ನಾನು ಕೆಳಗೆ ಮಂಡಾಳು ಮೆತ್ತಗಾಗುತ್ತದೆ ಅಂತ ಚಡಪಡಿಸುತ್ತಿದ್ದೆ.

ಇನ್ನೊಂದು ರಾತ್ರಿ ಹತ್ತೂ ಕಾಲು. ಇಬ್ಬರಿಗೂ ರೊಟ್ಟಿ ತಿನ್ನುವ ಆಸೆ. ಲೈಪ್ಸಿಗ್‌ನಿಂದ ತಂದ ಜೋಳದ ಹಿಟ್ಟಿತ್ತು. ಗೆಳತಿ ಪಟಪಟ ಬಡಿಯಲು ಶುರು ಮಾಡಿದಳು. ಮೂರನೇ ರೊಟ್ಟಿಗೆ ಕರೆಗಂಟೆ. ಕೆಳಗಿನ ಮನೆಯ ಅಜ್ಜಿ, ಮೈಮೇಲೆ ರಾತ್ರಿಯ ನಿಲುವಂಗಿ. ನನ್ನ ಹಿಟ್ಟಿನ ಕೈ ನೋಡಿದರು, ಒಳಗೆ ಕಲ್ಲುಬಂಡೆಯಂಥ ಅಡುಗೆಕಟ್ಟೆ ನೋಡಿದರು. "ನಾಳೆ ಬೆಳಿಗ್ಗೆ ಬಡಿಯಿರಿ" ಅಂದು ಇಳಿದು ಹೋದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು ಅನ್ನುವುದು ಅಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಗೊತ್ತಿರುವ ವಿಷಯ. ಕುಕ್ಕರ್ ಸೀಟಿಗೂ ಇದೇ ನಿಯಮ. ಭಾನುವಾರ ಇಡೀ ದಿನ ಸದ್ದು ಕಡಿಮೆ ಇರಬೇಕು.

ನಿನ್ನ ಸಸ್ಯಾಹಾರದ ವಿಷಯ. ಇದನ್ನು ಹೋದಮೇಲೆ ಮುಖ ಸಿಂಡರಿಸಿ ತಿಳಿಸಬೇಡ, ಈಗಲೇ ಫೋನಿನಲ್ಲಿ ಹೇಳು. ನೆನಪಿಟ್ಟುಕೋ, ಒಂದು ವರ್ಷದಿಂದ ಅದು ಅವಳ ಅಡುಗೆಮನೆ. ನಿನಗಾಗಿ ಅವಳು ಕೋಳಿ ಬಿಡಬೇಕು ಅಂತ ನಿರೀಕ್ಷೆ ಮಾಡುವುದು ನ್ಯಾಯ ಅಲ್ಲ. ನಿನ್ನ ಬಾಣಲೆ ಬೇರೆ, ಸೌಟು ಬೇರೆ, ತಿಕ್ಕುವ ಸ್ಪಂಜು ಬೇರೆ ಬಣ್ಣದ್ದು, ಫ್ರಿಜ್ಜಿನಲ್ಲಿ ಮೇಲಿನ ಖಾನೆ ನಿನ್ನದು. ಇಷ್ಟು ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ವಾರದಲ್ಲಿ ಎರಡು ದಿನ ಇಬ್ಬರಿಗೂ ಒಂದೇ ಅಡುಗೆ, ಉಳಿದ ದಿನ ಅವರವರದ್ದು. ದಿನಾ ಸೇರಿ ಮಾಡುತ್ತೇವೆ ಅಂತ ಹೊರಟವರು ನವೆಂಬರಿನಲ್ಲಿ ಓದು, ಪ್ರಾಜೆಕ್ಟು ಶುರುವಾದ ಮೇಲೆ ಪಾತ್ರೆ ಯಾರು ತೊಳೆಯಬೇಕು ಅನ್ನುವಲ್ಲಿಗೆ ಬರುತ್ತಾರೆ. ಹೊರಗೆ ಕೊಳ್ಳುವಾಗ ಗೆಲಾಟಿನೆ ಅನ್ನುವ ಪದ ನೋಡಿಕೊಂಡಿರು. ಜೆಲ್ಲಿ ಮಿಠಾಯಿ, ಕೆಲವು ಸಿಹಿತಿಂಡಿಗಳಲ್ಲಿ ಇರುತ್ತದೆ, ಅದು ಪ್ರಾಣಿಯದ್ದು.

ಅವ್ವ ಏನೇನು ಕಟ್ಟುತ್ತಾರೋ ಗೊತ್ತಿಲ್ಲ, ಆದರೆ ತುಪ್ಪ, ಪೇಡೆ, ಖೋವಾ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಧಾರಾಳವಾಗಿ ಒಯ್ಯಿ. ಅಕ್ಕಿ ಹೊರಬೇಡ. ನಿಮ್ಮ ಸಿಂಧನೂರು, ಅವಳ ಗಂಗಾವತಿ ಕಡೆಯ ಸೋನಾ ಮಸೂರಿ ಹೆಸರು ಅಲ್ಲಿನ ಇಂಡಿಯನ್ ಅಂಗಡಿಯ ಚೀಲದ ಮೇಲೂ ಇರುತ್ತದೆ. ಮೊದಲ ಸಲ ನೋಡಿದಾಗ ಬೆಲೆ ನೋಡಿ ಅಳು ಬರುತ್ತದೋ ಊರು ನೆನೆದು ಬರುತ್ತದೋ ಗೊತ್ತಾಗಲ್ಲ. ಮತ್ತೆ, ಎಲ್ಲವನ್ನೂ ರೂಪಾಯಿಗೆ ತಿರುಗಿಸಿ ನೋಡುವ ಚಟ ಮೂರು ತಿಂಗಳಲ್ಲಿ ಬಿಡು. ಇಲ್ಲದಿದ್ದರೆ ಒಂದು ಕಟ್ಟು ಕೊತ್ತಂಬರಿಗೆ ಜಗಳ ಆಡುತ್ತೀಯ.

ಈಗ ನಿಜವಾದ ಮಾತು. ಇದಕ್ಕೇ ಇಷ್ಟು ದೂರ ಬಂದೆ.

ಗೆಳತಿಯನ್ನು ನಿನ್ನ ಇಡೀ ಊರು ಮಾಡಿಕೊಳ್ಳಬೇಡ. ಸಿಂಧನೂರಿನಲ್ಲಿ ನಿನಗೆ ಅವ್ವ ಇದ್ದಾಳೆ, ಓಣಿಯ ಕಾಕಾ ಇದ್ದಾನೆ, ಔಷಧಿ ಅಂಗಡಿಯವನಿಗೆ ನಿಮ್ಮ ಮನೆಯ ಶುಗರ್ ಮಾತ್ರೆ ಯಾವುದು ಅಂತ ಗೊತ್ತು. ಅಲ್ಲಿ ಇಳಿದ ದಿನ ಇವರೆಲ್ಲರ ಕೆಲಸ ಒಬ್ಬಳ ಮೇಲೆ ಬೀಳುತ್ತದೆ. ಅವಳೇ ಭಾಷೆ, ಅವಳೇ ದಾರಿ, ಅವಳೇ ಅವ್ವ. ಮೊದಲ ತಿಂಗಳು ಅವಳಿಗೂ ಖುಷಿ, ಒಬ್ಬಳೇ ಇದ್ದು ಸಾಕಾಗಿರುತ್ತದೆ. ಮೂರನೇ ತಿಂಗಳಿಗೆ ಅವಳ ಮುಖ ನೋಡು.

ನಾನು ಹಾಗೇ ಮಾಡಿದೆ. ಬೇಕರಿಗೆ ಹೋದರೆ ಗೆಳತಿ ಮಾತಾಡುತ್ತಿದ್ದಳು, ನಾನು ಹಿಂದೆ ನಿಂತು ಚೀಲ ಹಿಡಿಯುತ್ತಿದ್ದೆ. ಡಿಸೆಂಬರಿನಲ್ಲಿ ಅವಳು ಒಂದು ವಾರ ಬೇರೆ ಊರಿಗೆ ಹೋದಳು. ನಾಲ್ಕು ದಿನ ನಾನು ಅನ್ನ, ಶೇಂಗಾ ಹಿಂಡಿ ತಿಂದುಕೊಂಡಿದ್ದೆ. ಬೇಕರಿ ಮನೆಯಿಂದ ಇನ್ನೂರು ಹೆಜ್ಜೆ. ಐದನೇ ದಿನ ಮೆಟ್ಟಿಲ ಮೇಲೆ ನಿಂತು ವಾಕ್ಯ ಉರುಹೊಡೆದು ಹೋದೆ. "ಎರಡು ಬ್ರೆಡ್ಡು ಕೊಡಿ" ಅಂತ ಸರಿಯಾಗೇ ಹೇಳಿದೆ. ಆದರೆ ಅಂಗಡಿಯಾಕೆ ವಾಪಸ್ ಏನೋ ಕೇಳಿದಳು. ನನ್ನ ಪಾಠದಲ್ಲಿ ಅವಳು ಏನೂ ಕೇಳುವ ಹಾಗಿರಲಿಲ್ಲ! ಆ ಸೀಮೆಯ ಮಾತು ಬೇರೆ ಥರ, ಪ, ತ, ಕ ಎಲ್ಲ ಬ, ದ, ಗ ಆಗಿ ಕೇಳುತ್ತವೆ. ಪುಸ್ತಕದ ಕನ್ನಡ ಕಲಿತವನು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ಅವಳು ಕಾಗದದ ಚೀಲ ಎತ್ತಿ ತೋರಿಸಿದಳು. ಚೀಲ ಬೇಕಾ ಅಂತ ಕೇಳಿದ್ದಳು, ಅಷ್ಟೇ. ನಾನು ತಲೆ ಆಡಿಸಿದೆ. ನಮ್ಮ ತಲೆಯಾಟದಲ್ಲಿ ಹೌದೋ ಅಲ್ಲವೋ ಅವರಿಗೆ ಗೊತ್ತಾಗಲ್ಲ. ಆಕೆ ನಕ್ಕಳು, ನಾನೂ ನಕ್ಕೆ. ಮರುದಿನ ನನ್ನನ್ನು ನೋಡಿದ ಕೂಡಲೇ ಚೀಲ ಕೈಗೆ ತೆಗೆದುಕೊಂಡಳು. ಆ ಊರಿನಲ್ಲಿ ಗೆಳತಿಯ ಮೂಲಕ ಅಲ್ಲದೆ ನನ್ನನ್ನು ಗುರುತು ಹಿಡಿದ ಮೊದಲ ಮನುಷ್ಯಳು ಅವಳು. ಗೆಳತಿ ವಾಪಸ್ ಬಂದಾಗ, "ಬ್ರೆಡ್ ನಾನೇ ತರ್ತೀನಿ" ಅಂದೆ. ಅವಳ ಭುಜ ಒಂದು ಇಂಚು ಇಳಿದದ್ದು ನನಗೆ ಕಾಣಿಸಿತು. ಅಷ್ಟು ದಿನ ಹೊತ್ತಿದ್ದಳು, ಪಾಪ.

ಹಾಗಾಗಿ ಮೊದಲ ತಿಂಗಳೇ ಕೆಲವು ಕೆಲಸ ನೀನೊಬ್ಬಳೇ ಮಾಡು. ಸಿಮ್ ನಿನ್ನದೇ ಹೆಸರಲ್ಲಿ. ಬ್ಯಾಂಕಿಗೆ ಒಬ್ಬಳೇ ಹೋಗು. ನಿನಗೆ ಅಂತ ಒಬ್ಬ ಡಾಕ್ಟರನ್ನು ನೋಡಿಟ್ಟುಕೋ. ವಾರದಲ್ಲಿ ಒಂದು ಸಂಜೆ ಅವಳಿಲ್ಲದ ಜಾಗಕ್ಕೆ ಹೋಗು. ವಿಶ್ವವಿದ್ಯಾಲಯದ ಕ್ರೀಡಾ ತರಗತಿ, ಭಾಷೆ ಕಲಿಯುವ ಗುಂಪು, ಯಾವುದಾದರೂ ಸರಿ. ಅಲ್ಲಿ ಸಿಕ್ಕವರನ್ನು ಓಡಿಬಂದು ಅವಳಿಗೆ ಪರಿಚಯ ಮಾಡಿಸುವ ಅವಸರ ಬೇಡ. ಅವಳಿಗೂ ಒಂದು ವರ್ಷದಲ್ಲಿ ಆದ ಗೆಳೆಯರಿದ್ದಾರೆ. ಅವರ ಜೊತೆ ಹೊರಟಾಗ ನಿನ್ನನ್ನು ಕರೆಯದಿದ್ದರೆ ಅದು ಅವಮಾನ ಅಲ್ಲ.

ಇನ್ನು ಊರಿನ ಫೋನು. ನನ್ನ ಗೆಳತಿಗೂ ನನಗೂ ಆದ ದೊಡ್ಡ ಜಗಳ ಬಾಡಿಗೆಗಲ್ಲ, ಪಾತ್ರೆಗಲ್ಲ. ನನಗೆ ಜ್ವರ ಬಂದಿತ್ತು. ನಾನು ಮನೆಗೆ ಹೇಳಿರಲಿಲ್ಲ. ಅವಳು ಅವರವ್ವನಿಗೆ ಹೇಳಿದಳು, ಅವರವ್ವ ನಮ್ಮವ್ವನಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ನಮ್ಮಪ್ಪ ವಿಡಿಯೋದಲ್ಲಿ, ಹಿಂದೆ ಅವ್ವನ ಅಳು. "ನಾಲ್ಕು ದಿನದಿಂದ ಮಲಗೀಯಂತ, ಯಾಕ ಹೇಳಲಿಲ್ಲ?" ನಿಮ್ಮ ಎರಡೂ ಮನೆಯವರಿಗೆ ಪರಿಚಯ ಇದೆ, ಅಲ್ವಾ? ಹಾಗಾದರೆ ಸಿಂಧನೂರು–ಗಂಗಾವತಿ ಲೈನು ಯಾವಾಗಲೂ ತೆರೆದೇ ಇರುತ್ತದೆ. ಹೋದ ಮೊದಲ ವಾರವೇ ಇಬ್ಬರೂ ಕೂತು ಒಪ್ಪಂದ ಮಾಡಿಕೊಳ್ಳಿ: ನಿನ್ನ ಸುದ್ದಿ ನೀನು ಹೇಳಬೇಕು, ಅವಳ ಸುದ್ದಿ ಅವಳು. ಆಸ್ಪತ್ರೆ ಸೇರುವಂಥದ್ದಾದರೆ ಮಾತ್ರ ಇನ್ನೊಬ್ಬಳು ಫೋನ್ ಮಾಡಬಹುದು. ಅವಳ ಬಗ್ಗೆ ಅವ್ವನ ಹತ್ತಿರ ದೂರು ಹೇಳಿಕೊಳ್ಳಬೇಡ. ನೀವಿಬ್ಬರೂ ಮರುದಿನ ಒಂದಾಗಿರುತ್ತೀರಿ, ಅವ್ವ ಆ ದೂರನ್ನು ಐದು ವರ್ಷ ಇಟ್ಟುಕೊಂಡಿರುತ್ತಾಳೆ.

ಚಳಿಗಾಲದಲ್ಲಿ ಅಲ್ಲಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ. ನೀನು ಸಂಜೆ ಆರಕ್ಕೆ ಮನೆ ಸೇರಿದರೆ ಸಿಂಧನೂರಿನಲ್ಲಿ ರಾತ್ರಿ ಹತ್ತೂವರೆ. ಅವ್ವ ನಿದ್ದೆಗೆಟ್ಟು ಕಾಯುತ್ತಾಳೆ. ವಾರದಲ್ಲಿ ಎರಡು ದಿನ ಮಧ್ಯಾಹ್ನದ ಬಿಡುವಿನಲ್ಲಿ ಮಾತಾಡು, ಭಾನುವಾರ ಮನಸಾರೆ ಮಾತಾಡು. ದಿನಾ ಮೂರು ಸಲ ವಿಡಿಯೋ ಕಾಲ್ ಮಾಡುತ್ತಿದ್ದ ಹುಡುಗರನ್ನು ನೋಡಿದ್ದೇನೆ. ದೇಹ ಜರ್ಮನಿಯಲ್ಲಿ, ಊಟದ ಹೊತ್ತು ರಾಯಚೂರಿನದು. ಅವರಿಗೆ ಹೊಂದಿಕೊಳ್ಳುವುದು ಬಹಳ ತಡವಾಯಿತು.

ನವೆಂಬರ್, ಡಿಸೆಂಬರ್ ಕಷ್ಟ. ಮುಚ್ಚಿಡಲ್ಲ. ಡಿಸೆಂಬರಿನಲ್ಲಿ ಬೆಳಕು ಹರಿಯುವುದು ಎಂಟರ ಹೊತ್ತಿಗೆ, ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗಿರುತ್ತಾನೆ. ರಾಯಚೂರಿನ ಬಿಸಿಲು ಬೈದುಕೊಂಡು ಬೆಳೆದವರಿಗೆ ಆ ಬಿಸಿಲಿಗಾಗಿ ಕಣ್ಣು ಹುಡುಕುತ್ತದೆ. ಅದೇ ಹೊತ್ತಿಗೆ ಊರಲ್ಲಿ ಎಳ್ಳು ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲುವ ಫೋಟೋ, ಸಜ್ಜೆ ರೊಟ್ಟಿ, ಭಜ್ಜಿ ಎಲ್ಲ ಫೋನಿಗೆ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಜನವರಿಯಲ್ಲಿ ಗವಿಮಠದ ಜಾತ್ರೆಯ ವಿಡಿಯೋ. ಅವತ್ತು ಇಬ್ಬರೂ ಒಂದೇ ಸಲ ಕುಸಿಯುತ್ತೀರಿ, ಅದಕ್ಕೇ ಹೇಳಿದ್ದು ಇನ್ನೊಬ್ಬರು ಬೇಕು ಅಂತ. ನಿದ್ದೆ ಇಲ್ಲ, ಊಟ ಬೇಡ, ತರಗತಿಗೆ ಹೋಗಲು ಮನಸ್ಸಿಲ್ಲ ಅನ್ನುವುದು ಎರಡು ವಾರ ಮೀರಿದರೆ ಗೆಳತಿಯ ಹೆಗಲು ಸಾಲದು. ಅಲ್ಲಿ ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಆಪ್ತಸಲಹೆ ಸಿಗುತ್ತದೆ, ಇಂಗ್ಲಿಷಿನಲ್ಲಿ ಮಾತಾಡುವವರೂ ಇರುತ್ತಾರೆ. ಹೋಗಲು ನಾಚಿಕೆ ಬೇಡ.

ಆದರೆ ಒಂದು ವಿಷಯ ಕೇಳು. ಕೆಮ್ನಿಟ್ಸ್ ಪಕ್ಕದ ಬೆಟ್ಟಸಾಲಿನ ಹೆಸರು ಎರ್ಟ್ಸ್‌ಗೆಬಿರ್ಗೆ. ಅಂದರೆ ಅದಿರಿನ ಬೆಟ್ಟ. ನಮ್ಮ ಸಂಡೂರು ಇದ್ದ ಹಾಗೆ ಶತಮಾನಗಟ್ಟಲೆ ಗಣಿ ತೋಡಿದ ಸೀಮೆ, 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿ ಮರದ ಬೊಂಬೆಯ ಕುಶಲಕರ್ಮಿಗಳಿದ್ದಾರೆ. ನನ್ನ ಗೆಳತಿ ಮೊದಲ ಸಲ ನೋಡಿ, "ಇದು ನಮ್ಮ ಕಿನ್ನಾಳ ಅಲ್ಲೇನs" ಅಂದಿದ್ದಳು. ಡಿಸೆಂಬರಿನಲ್ಲಿ ಕಿಟಕಿ ಕಿಟಕಿಯಲ್ಲೂ ಮರದ ಕಮಾನು, ಅದರ ಮೇಲೆ ಸಾಲುದೀಪ. ಗಣಿಯೊಳಗಿನ ಕತ್ತಲಲ್ಲಿ ದಿನ ಕಳೆದವರು ಬೆಳಕಿಗೆ ಹಂಬಲಿಸಿದ ನೆನಪು ಅನ್ನುತ್ತಾರೆ. ಸಂಜೆ ನಾಲ್ಕೂವರೆಗೆ ಟ್ರಾಮಿನಲ್ಲಿ ಕೂತು ಆ ಕಿಟಕಿಗಳನ್ನು ನೋಡುತ್ತಾ ಹೋಗು. ಮಾತಾಡುವುದು ಬೇಡ, ಏನೂ ಬೇಡ.

ಇಷ್ಟೆಲ್ಲ ಮಾಡಿಯೂ ಹೊಂದಲಿಲ್ಲ ಅಂದರೆ? ಮನೆ ಬೇರೆ ಮಾಡು. ನಾವು ಎರಡನೇ ವರ್ಷ ಬೇರೆ ಮಾಡಿದೆವು. ಜಗಳ ಆಡಿ ಅಲ್ಲ, ಅವಳಿಗೆ ರಾತ್ರಿ ಓದುವ ರೂಢಿ, ನನಗೆ ಹತ್ತಕ್ಕೆ ನಿದ್ದೆ. ಎರಡು ಬೀದಿ ಆಚೆ ನನಗೊಂದು ರೂಮು ಸಿಕ್ಕಿತು. ಶನಿವಾರ ಸೇರುತ್ತಿದ್ದೆವು, ಕಿರ್ದಿ ಪುಸ್ತಕ ಅವಳೇ ಇಟ್ಟುಕೊಂಡಳು. ಒಂದೇ ಸೂರಿನಡಿ ಇರಬೇಕು ಅಂತ ಹಟ ಹಿಡಿದ ಬೇರೆ ಜೋಡಿಗಳು ಈಗ ಮದುವೆ ಮನೆಯಲ್ಲಿ ಎದುರಾದರೂ ಮಾತಾಡಲ್ಲ. ಹಾಗಾಗಿ ಆರು ತಿಂಗಳಾದ ಮೇಲೆ ಒಮ್ಮೆ ಮಾತಾಡೋಣ ಅಂತ ಈಗಲೇ ಅವಳಿಗೆ ಹೇಳಿಡು. ಆಗ ಬಿಡುತ್ತೇನೆ ಅಂದರೂ ಯಾರಿಗೂ ಆಘಾತ ಆಗಲ್ಲ. ಅಲ್ಲಿ ಬಾಡಿಗೆದಾರರು ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ನೋಟಿಸ್ ಕೊಡಬೇಕು, ನಿಮ್ಮ ಕರಾರಿನಲ್ಲೂ ಅಂಥದ್ದೊಂದು ಅವಧಿ ಇರಲಿ. ಅವಳಿಗೂ ಬೇರೆ ಜೊತೆಗಾರರನ್ನು ಹುಡುಕಲು ಸಮಯ ಬೇಕು.

ಕೊನೆಗೆ ಒಂದು ಸಣ್ಣ ವಿಷಯ. ಖಡಕ್ ರೊಟ್ಟಿಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡ, ಸ್ಟೀಲ್ ಡಬ್ಬಿಯಲ್ಲಿಟ್ಟು ಕೈಚೀಲದಲ್ಲಿ ಒಯ್ಯಿ. ನಾನು ಸೂಟ್‌ಕೇಸಿನಲ್ಲಿ ಹಾಕಿದ್ದೆ. ಹೈದರಾಬಾದಿನಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಲವತ್ತು ರೊಟ್ಟಿಯೂ ಪುಡಿ ಪುಡಿ. ಗೆಳತಿ ಚೀಲ ಬಿಚ್ಚಿ ಒಂದು ನಿಮಿಷ ನೋಡಿದಳು, ಆಮೇಲೆ ಎರಡು ಬಟ್ಟಲು ತಂದಳು. ಮೊಸರು, ಶೇಂಗಾ ಹಿಂಡಿ, ಹಸಿ ಈರುಳ್ಳಿ ಹಾಕಿ ಕಲಸಿ ಕೊಟ್ಟಳು. ಹದಿನೈದು ದಿನ ಅದನ್ನೇ ತಿಂದೆವು.